ಆಡಿಸದೆ ಅಳೆದದ್ದು ಹೇಗೆ?

ತ್ರಿಶತಕದ ನಂತರ ಕರುಣ್ ನಾಯರ್ ಏನೂ ಮಾಡಲಿಲ್ಲ, ಅದಕ್ಕೇ ಅವಕಾಶ ತಪ್ಪಿತು ಎಂಬ ನಿಮ್ಮ ಲೇಖಕರ ವಾದವನ್ನು ಒಪ್ಪಲಾರೆ. 2016ರ ಡಿಸೆಂಬರಿನಲ್ಲಿ ಚೆನ್ನೈಯಲ್ಲಿ ಅಜೇಯ 303 ಹೊಡೆದವರು ಮುಂದಿನ ಟೆಸ್ಟಿಗೇ ಹೊರಗುಳಿದರು. ಗಾಯದಿಂದ ಚೇತರಿಸಿಕೊಂಡ ರಹಾನೆ ಮರಳಿದ್ದರು. ಆಮೇಲೆ ಆಸ್ಟ್ರೇಲಿಯಾ ಎದುರು ನಾಲ್ಕು ಇನಿಂಗ್ಸ್‌ಗಳಲ್ಲಿ ವಿಫಲರಾದದ್ದು ನಿಜ.

ಆದರೆ 2018ರ ಇಂಗ್ಲೆಂಡ್ ಪ್ರವಾಸವನ್ನು ಲೇಖನ ಮುಟ್ಟಿಯೇ ಇಲ್ಲ. ಮೊದಲಿನಿಂದ ತಂಡದಲ್ಲಿದ್ದು ಕಾದವರು ಕರುಣ್. ಓವಲ್‌ನಲ್ಲಿ ಆಡಿದ್ದು ಕೊನೆಗೆ ಬಂದು ಸೇರಿದ ಹನುಮ ವಿಹಾರಿ. ವಿಹಾರಿ ಅರ್ಧಶತಕ ಹೊಡೆದರು, ಅವರ ಮೇಲೆ ದೂರಿಲ್ಲ. ಒಂದು ಟೆಸ್ಟನ್ನೂ ಆಡಿಸದೆ ಮುಂದಿನ ಸರಣಿಗೆ ಕರುಣ್‌ರನ್ನು ಕೈಬಿಟ್ಟ ಆಯ್ಕೆಗಾರರು ಯಾವ ಇನಿಂಗ್ಸ್ ನೋಡಿ ಅವರನ್ನು ಅಳೆದರು? ಯಾದಗಿರಿ, ಶಹಾಪುರ, ಸುರಪುರದಿಂದ ಕ್ರಿಕೆಟ್ ಕಿಟ್ ಹೊತ್ತು ಬಸ್ ಹತ್ತುವ ಹುಡುಗರಿಗೂ ಇದೇ ಉತ್ತರ ಬೇಕು.