ಬಾಣಂತಿಗೆ ಬುದ್ಧಿಮಾತು ಸಾಕು, ಒಂದು ಕೈ ಬೇಕು



ಸ್ತನ್ಯಪಾನ ಸಪ್ತಾಹದ ಸಂದರ್ಭದಲ್ಲಿ ಈ ಪತ್ರಿಕೆಯಲ್ಲಿ ಬಂದ ಲೇಖನ ಓದಿದೆ. ತಾಯಿಯ ಹಾಲು ಅಮೃತ ಎಂಬುದರಲ್ಲಿ ನನ್ನ ತಕರಾರಿಲ್ಲ. ಆದರೆ ಇಂದಿನ ಓದಿದ ಹೆಣ್ಣುಮಕ್ಕಳು ಮೈಮಾಟ ಕೆಡುತ್ತದೆಂದು ಹೆದರಿ, ನೌಕರಿಯ ಅವಸರಕ್ಕೆ ಬಿದ್ದು ಮಗುವಿನ ಬಾಯಿಗೆ ಬಾಟಲಿ ಇಡುತ್ತಾರೆ ಎಂದು ಲೇಖಕರು ಬರೆದಿದ್ದಾರಲ್ಲ, ಆ ಮಾತನ್ನು ನಾನು ಒಪ್ಪಲಾರೆ. ಮುಂಬಯಿಯ ಕುರ್ಲಾದ ನೆಹರೂ ನಗರಕ್ಕೆ ಮದುವೆಯಾಗಿ ಬಂದು ಮೂವತ್ತೆಂಟು ವರ್ಷವಾಯಿತು. ನಮ್ಮ ಕಟ್ಟಡದಲ್ಲಿ, ಆಚೀಚಿನ ಚಾಳುಗಳಲ್ಲಿ ನಾನು ಕಂಡ ಬಾಣಂತಿಯರಲ್ಲಿ ಮೈಮಾಟದ ಚಿಂತೆಯಿಂದ ಹಾಲು ಬಿಡಿಸಿದವಳು ಒಬ್ಬಳೂ ಇಲ್ಲ. ಹಾಲು ಬರುತ್ತಿಲ್ಲವೆಂದು ರಾತ್ರಿಯಿಡೀ ಅತ್ತವರು ಮಾತ್ರ ಬೇಕಾದಷ್ಟು. ಅವರಲ್ಲಿ ನನ್ನ ಸೊಸೆಯೂ ಒಬ್ಬಳು.

ಕಳೆದ ವರ್ಷ ಅವಳಿಗೆ ಸಿಸೇರಿಯನ್ ಆಗಿ ಹೆಣ್ಣುಮಗು ಹುಟ್ಟಿತು. ಆಸ್ಪತ್ರೆಯ ಹೆಸರು ಬೇಡ. ಐದು ಗಂಟೆಗಳ ಕಾಲ ಮಗುವನ್ನು ಅವಳ ಮಗ್ಗುಲಿಗೆ ಕೊಡಲಿಲ್ಲ. ಎರಡನೆಯ ರಾತ್ರಿ ಮಗು ಅತ್ತಾಗ ನರ್ಸ್ ಬಂದು, ಇನ್ನೂ ಹಾಲು ಇಳಿದಿಲ್ಲ ಎಂದು ಹೇಳಿ ಡಬ್ಬಿ ಹಾಲು ಕಲಸಿ ಬಾಟಲಿಯಲ್ಲಿ ಕುಡಿಸಿದಳು. ನಾನು ತಡೆಯಲಿಲ್ಲ. ‘ಪಾಪ, ಎಷ್ಟು ಹಸಿದಿತ್ತು’ ಎಂದೂ ಹೇಳಿದೆ. ಆ ಮಾತು ಸೊಸೆಯ ಎದೆಗೆ ನಾಟಿದ್ದು ನನಗೆ ಗೊತ್ತಾದದ್ದು ಬಹಳ ದಿನಗಳ ಮೇಲೆ. ಮನೆಗೆ ಬಂದರೆ ಮಗು ಮೊಲೆ ಹಿಡಿಯಲೊಲ್ಲದು. ತೊಟ್ಟು ಒಡೆದು ರಕ್ತ, ಎದೆ ಕಲ್ಲಿನ ಹಾಗೆ, ಮೇಲೆ ಜ್ವರ. ಊರಿನಿಂದ ಬಂದ ಅವಳ ತಾಯಿ ಬೆಳ್ಳುಳ್ಳಿ ಎಂದರು, ನಾನು ಮೆಂತೆ ಗಂಜಿ ಎಂದೆ, ಪಕ್ಕದ ಮನೆಯವರು ಬೇರೆ ಕಂಪೆನಿಯ ಡಬ್ಬಿ ಎಂದರು. ಇಷ್ಟು ಜನರಲ್ಲಿ ಮಗುವನ್ನು ಎದೆಗೆ ಹಿಡಿಯುವುದು ಹೇಗೆಂದು ನೋಡಿ ಹೇಳಿದವರು ಯಾರೂ ಇರಲಿಲ್ಲ.

ಒಂಬತ್ತನೆಯ ದಿನ ನಮ್ಮ ಕಟ್ಟಡದಲ್ಲೇ ಇರುವ ನಿವೃತ್ತ ನರ್ಸ್ ಒಬ್ಬರು, ಊರ ಕಡೆಯವರೇ, ಅಳು ಕೇಳಿ ಬಂದರು. ಅರ್ಧ ಗಂಟೆ ಕೂತರು. ಮಗುವಿನ ಹೊಟ್ಟೆ ತಾಯಿಯ ಹೊಟ್ಟೆಗೆ ತಾಗುವಂತೆ ತಿರುಗಿಸಿದರು, ಬರೀ ತೊಟ್ಟಲ್ಲ, ಅದರ ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋಗಬೇಕೆಂದು ತೋರಿಸಿದರು. ಮಗು ಗುಟುಕರಿಸುವ ಸದ್ದು ಆವತ್ತು ಮೊದಲ ಸಲ ಕೇಳಿದೆವು. ಅವರು ತುಳುವಿನಲ್ಲಿ ಹೇಳಿದ್ದನ್ನು ಆಸ್ಪತ್ರೆಯಲ್ಲೇ ಯಾರಾದರೂ ಹೇಳಿದ್ದರೆ ಆ ಒಂಬತ್ತು ದಿನಗಳ ಸಂಕಟ ಇರುತ್ತಿರಲಿಲ್ಲ. ಮೊದಲ ದಿನ ಕೂಸಿಗೆ ಬೇಕಾದದ್ದು ಒಂದೊಂದು ಸಲಕ್ಕೆ ಒಂದು ಚಮಚದಷ್ಟು, ಆ ಹಳದಿ ಗಿಣ್ಣದ ಹಾಲೇ ಅದಕ್ಕೆ ಸಾಕು. ತುಂಬು ಹಾಲು ಇಳಿಯುವುದು ಮೂರನೆಯ, ನಾಲ್ಕನೆಯ ದಿನ. ಸಿಸೇರಿಯನ್ ಆದರೆ ಇನ್ನೂ ಸ್ವಲ್ಪ ತಡವಾಗಬಹುದು. ಮಗು ಚೀಪಿದಷ್ಟೂ ಹಾಲು ಹೆಚ್ಚುತ್ತದೆ. ಬಾಟಲಿಯಿಂದ ಹೊಟ್ಟೆ ತುಂಬಿದ ಮಗು ಚೀಪುವುದಿಲ್ಲ, ಚೀಪದಿದ್ದರೆ ಹಾಲು ಇಂಗುತ್ತದೆ, ಆಗ ‘ನೋಡಿ, ಸಾಲುತ್ತಿಲ್ಲ ಎಂದು ಹೇಳಿರಲಿಲ್ಲವೇ’ ಎನ್ನುತ್ತೇವೆ. ಸಾಲುತ್ತದೋ ಇಲ್ಲವೋ ಎಂದು ತಿಳಿಯಲು ಅಳುವನ್ನಲ್ಲ, ಒದ್ದೆ ಬಟ್ಟೆಯನ್ನು ಲೆಕ್ಕ ಹಾಕಬೇಕು: ಮೊದಲ ವಾರ ಕಳೆದ ಮೇಲೆ ದಿನಕ್ಕೆ ಆರಾದರೂ ಒದ್ದೆಯಾಗಬೇಕು, ತೂಕ ಏರಬೇಕು.

ಇದು ನಮ್ಮ ಮನೆಯೊಂದರ ಕತೆಯಲ್ಲ ಎನ್ನಲು ಸರಕಾರದ ಅಂಕಿಗಳೇ ಇವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಶೇ. 88.6 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತವೆ. ಹುಟ್ಟಿದ ಒಂದು ಗಂಟೆಯೊಳಗೆ ತಾಯಿಯ ಹಾಲು ಸಿಗುವುದು ಶೇ. 41.8 ಮಕ್ಕಳಿಗೆ ಮಾತ್ರ. ಆ ಮೊದಲ ಗಂಟೆಯಲ್ಲಿ ಬಾಣಂತಿ ಇರುವುದು ಡಾಕ್ಟರು, ನರ್ಸುಗಳ ನಡುವೆ. ಹೊಲಿಗೆ ಹಾಕಿಸಿಕೊಂಡು ಮಲಗಿದವಳು ಎದ್ದು ಹೋಗಿ ಮಗುವನ್ನು ತಂದುಕೊಳ್ಳುತ್ತಾಳೆಯೇ? ತಪ್ಪನ್ನು ಅವಳ ತಲೆಗೆ ಕಟ್ಟುವ ಮುಂಚೆ ಲೇಖಕರು ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕಿತ್ತು.

ಇನ್ನು ಆಸ್ಪತ್ರೆಯೊಳಗೆ ಬರುವ ಡಬ್ಬಿಯ ಮಾತು. ಡಬ್ಬಿ ಹಾಲಿನ ಜಾಹೀರಾತು, ಉಚಿತ ಸ್ಯಾಂಪಲ್, ಆಸ್ಪತ್ರೆಯ ಸಿಬ್ಬಂದಿಗೆ ಉಡುಗೊರೆ ಇವನ್ನೆಲ್ಲ ನಿಷೇಧಿಸಿದ ಕಾನೂನು 1992ರಲ್ಲೇ ಬಂದಿದೆ, 2003ರಲ್ಲಿ ಇನ್ನಷ್ಟು ಬಿಗಿಯಾಗಿದೆ. ಅದನ್ನು ಹೆರಿಗೆ ವಾರ್ಡಿನ ಗೋಡೆಯ ಮೇಲೆ ಓದಲು ಬರುವ ಭಾಷೆಯಲ್ಲಿ ಬರೆದು ಹಾಕಲಿ.

ಹಾಲೂಡಿಸಲು ಬಾಣಂತಿಗೆ ಆಸ್ಪತ್ರೆಯಲ್ಲೇ ನೆರವಾಗುವುದು ಆಗದ ಕೆಲಸವೇನೂ ಅಲ್ಲ. ಕುರ್ಲಾದಿಂದ ಸ್ಲೋ ಲೋಕಲ್ ಹತ್ತಿದರೆ ಮುಂದಿನ ನಿಲ್ದಾಣ ಸಯಾನ್. ಅಲ್ಲಿನ ಮುನಿಸಿಪಾಲಿಟಿಯ ಲೋಕಮಾನ್ಯ ತಿಲಕ್ ಆಸ್ಪತ್ರೆಯಲ್ಲಿ 1989ರಲ್ಲಿ ಡಾ. ಆರ್ಮಿಡಾ ಫರ್ನಾಂಡಿಸ್ ಅವರು ತಾಯಿ ಹಾಲಿನ ಬ್ಯಾಂಕ್ ಆರಂಭಿಸಿದರು. ಏಷ್ಯಾದಲ್ಲೇ ಮೊದಲನೆಯದು. ಬಾಣಂತಿಯರು ಹಿಂಡಿ ಕೊಟ್ಟ ಹಾಲನ್ನು 62.5 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿ, ಪರೀಕ್ಷಿಸಿ, ತಣ್ಣಗಿಟ್ಟು, ತಿಂಗಳು ತುಂಬದೆ ಹುಟ್ಟಿದ ಕೂಸುಗಳಿಗೆ ಕೊಡುತ್ತಾರೆ. ಧಾರಾವಿಯ ಬಡ ಹೆಂಗಸರು ಹೆರಿಗೆಗೆ ಬರುವ, ಕಾಲಿಡಲು ಜಾಗವಿಲ್ಲದ ಸರಕಾರಿ ಆಸ್ಪತ್ರೆಯಲ್ಲಿ ಇದು ಸಾಧ್ಯವಾದರೆ, ಎಸಿ ರೂಮಿಗೆ ದಿನದ ಬಾಡಿಗೆ ವಸೂಲು ಮಾಡುವ ನರ್ಸಿಂಗ್ ಹೋಮ್‌ಗಳು ಹಾಲೂಡಿಸಲು ಕಲಿಸುವ ಒಬ್ಬಳನ್ನಾದರೂ ಇಟ್ಟುಕೊಳ್ಳಲಾರವೇ?

ಏನು ಮಾಡಿದರೂ ಹಾಲು ಸಾಲದ, ಅಥವಾ ಕಾಯಿಲೆಯಿಂದ, ಔಷಧಿಯಿಂದ ಹಾಲೂಡಿಸಲಾಗದ ತಾಯಂದಿರೂ ಇದ್ದಾರೆ. ಹೆರಿಗೆಯ ಮೇಲೆ ಮನಸ್ಸು ಕುಸಿದು, ಇನ್ನು ನನ್ನಿಂದ ಆಗದು ಎನ್ನುವವರೂ ಇದ್ದಾರೆ. ಡಾಕ್ಟರನ್ನು ಕೇಳಿ ಡಬ್ಬಿ ಹಾಲು ಕೊಡುವ ಇವರು ಅಮೃತದ ಭಾಷಣ ಕೇಳಿ ತಲೆತಗ್ಗಿಸಬೇಕಾಗಿಲ್ಲ. ಅವರಿಗೂ ಹೇಳಿಕೊಡುವವರು ಬೇಕು. ಡಬ್ಬಿ ತುಟ್ಟಿಯೆಂದು ನೀರು ಹೆಚ್ಚು ಬೆರೆಸಿದರೆ ಮಗು ಸೊರಗುತ್ತದೆ, ಕುದಿಸದ ನೀರಿನಿಂದ ಭೇದಿ ಆಗುತ್ತದೆ. ಬಾಟಲಿಗಿಂತ ನಮ್ಮ ಅಜ್ಜಿಯಂದಿರ ಒಳಲೆ ತೊಳೆಯಲು ಎಷ್ಟೋ ಸುಲಭ, ಮೂಲೆಯಲ್ಲಿ ಕೊಳೆ ಕೂರುವುದಿಲ್ಲ.

ನೌಕರಿಯ ಅವಸರದ ಮಾತಿಗೂ ಉತ್ತರ ಕೊಡಬೇಕು. ಮೊದಲೆರಡು ಹೆರಿಗೆಗೆ ಕಾನೂನು 26 ವಾರಗಳ ಸಂಬಳದ ರಜೆ ಕೊಡುತ್ತದೆ. ಎಂಟು ವಾರ ಹೆರಿಗೆಗೆ ಮುಂಚೆಯೇ ಹೋದರೆ ಉಳಿಯುವುದು ಹದಿನೆಂಟು, ಎಂದರೆ ಸುಮಾರು ನಾಲ್ಕು ತಿಂಗಳು. ಡಾಕ್ಟರು ಆರು ತಿಂಗಳು ಎದೆಹಾಲನ್ನೇ ಕೊಡಿ ಎನ್ನುತ್ತಾರೆ. ಮಗುವಿಗೆ ಹದಿನೈದು ತಿಂಗಳಾಗುವವರೆಗೆ ದಿನಕ್ಕೆ ಎರಡು ಸಲ ಹಾಲೂಡಿಸಲು ಬಿಡುವು ಕೊಡಬೇಕೆಂದೂ ಕಾನೂನಿದೆ. ಬಾಂದ್ರಾ–ಕುರ್ಲಾ ಕಾಂಪ್ಲೆಕ್ಸಿನ ಆಫೀಸಿಗೆ ಹೋಗುವ ನನ್ನ ಸೊಸೆ ಹಾಲು ಹಿಂಡಿಟ್ಟುಕೊಳ್ಳುವುದು ಕಕ್ಕಸಿನಲ್ಲಿ. ನಾಲ್ಕು ಮನೆಯ ಪಾತ್ರೆ ತಿಕ್ಕುವವಳಿಗೆ ರಜೆಯೂ ಇಲ್ಲ, ಬಿಡುವೂ ಇಲ್ಲ. ಸಾರ್ವಜನಿಕ ಸ್ಥಳಗಳಲ್ಲಿ ಹಾಲೂಡಿಸುವ ಕೋಣೆಗಳಿರಬೇಕೆಂದು 2025ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನ ಪೀಠವೂ ಹೇಳಿತು. ಆ ಪೀಠದಲ್ಲಿದ್ದವರು ನಮ್ಮ ಕರ್ನಾಟಕದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಮತ್ತು ನ್ಯಾಯಮೂರ್ತಿ ಪ್ರಸನ್ನ ವರಾಳೆ.

ಕೋರ್ಟು, ಸರಕಾರ ಮಾಡುವುದನ್ನು ಮಾಡಲಿ. ನನ್ನ ಬೇಡಿಕೆ ಮುಂಬಯಿಯ ಕನ್ನಡ, ತುಳು ಸಂಘಗಳಿಗೆ. ಕುರ್ಲಾ ಪೂರ್ವದಲ್ಲೇ ಬಂಟರ ಭವನವಿದೆ. ನಗರದ ಉದ್ದಕ್ಕೂ ನಮ್ಮ ಜಾತಿ ಸಂಘ, ಊರ ಸಂಘಗಳ ಸಭಾಗೃಹಗಳಿವೆ. ಸಕ್ಕರೆ ಕಾಯಿಲೆ, ಕಣ್ಣಿನ ಶಿಬಿರಗಳನ್ನು ನಡೆಸುವ ಈ ಸಂಘಗಳು ತಮ್ಮವರಲ್ಲಿರುವ ನಿವೃತ್ತ ನರ್ಸುಗಳ ಪಟ್ಟಿ ಮಾಡಲಿ, ಬಾಣಂತಿ ಮನೆಗೆ ಬಂದ ಮೊದಲ ಹತ್ತು ದಿನಗಳಲ್ಲಿ ಅವರಲ್ಲೊಬ್ಬರು ಹೋಗಿ ನೋಡಿ ಬರುವಂತೆ ಏರ್ಪಾಡು ಮಾಡಲಿ. ಊರಿನಿಂದ ಬಾಣಂತನಕ್ಕೆ ಬಂದ ತಾಯಿಗೆ ಮರಾಠಿಯೂ ತಿಳಿಯದು, ಹಿಂದಿಯೂ ತಿಳಿಯದು. ನಮ್ಮ ಭಾಷೆಯಲ್ಲಿ ಹೇಳುವವರು ಬೇಕು.

ಈ ಪತ್ರ ಓದುತ್ತಿರುವ ನಿವೃತ್ತ ನರ್ಸ್ ಅಕ್ಕಂದಿರೇ, ನಿಮ್ಮ ಕಟ್ಟಡಕ್ಕೆ ಬಾಣಂತಿ ಬಂದಿದ್ದಾಳೆಂದು ಕೇಳಿದರೆ ಕರೆಯಲಿ ಎಂದು ಕಾಯಬೇಡಿ. ನಾಲ್ಕನೆಯ ದಿನವೇ ಹೋಗಿ ಬಾಗಿಲು ತಟ್ಟಿ.

– ಓರ್ವ ಓದುಗಿ, ನೆಹರೂ ನಗರ, ಕುರ್ಲಾ ಪೂರ್ವ