ಹಿತಮಿತದ ಪ್ರಸಾದ, ಮರಳಿ ಕಾಯಕ



ಅತಿಯಾದ ದೇಹಭಾರವನ್ನು ಇಳಿಸಲು ಶಸ್ತ್ರಕ್ರಿಯೆಗೆ ಒಳಗಾಗುವವರು ಇಂದು ದೂರದ ಮಹಾನಗರಗಳಲ್ಲಿ ಮಾತ್ರ ಇಲ್ಲ. ಬೆಳಗಾವಿಯ ಬಡಾವಣೆಗಳಲ್ಲಿಯೂ ಖಾನಾಪುರ ಸೀಮೆಯ ಮನೆಗಳಲ್ಲಿಯೂ ಅಂಥವರಿದ್ದಾರೆ. ಹೃದಯದ ಶಸ್ತ್ರಕ್ರಿಯೆಯಾದವರನ್ನು ಕಾಣಲು ಹಣ್ಣು ಹಿಡಿದು ಹೋಗುವ ನಾವು, ಇವರ ವಿಷಯದಲ್ಲಿ ಮಾತ್ರ ಮರೆಯಲ್ಲಿ ನಗುತ್ತೇವೆ. ಬಾಯಿ ಕಟ್ಟಲಾರದೆ ಹೊಟ್ಟೆ ಕೊಯ್ಸಿಕೊಂಡರೆಂದು ಆಡಿಕೊಳ್ಳುತ್ತೇವೆ. ಈ ನಗೆಗೆ ಅಂಜಿ ಅವರು ಸಂಗತಿಯನ್ನು ಮುಚ್ಚಿಡುತ್ತಾರೆ. ಮುಚ್ಚಿಟ್ಟ ಕಾರಣದಿಂದಲೇ ಬಡಿಸಿದ್ದನ್ನು ಬೇಡವೆನ್ನಲಾರರು, ಹೊರಿಸಿದ ಭಾರವನ್ನು ಒಲ್ಲೆನೆನ್ನಲಾರರು. ಇದರಿಂದ ಆಗುವ ಹಾನಿ ಸಣ್ಣದಲ್ಲ.

ಮೊದಲು ಈ ಚಿಕಿತ್ಸೆಯ ಸ್ವರೂಪವನ್ನು ಅರಿಯೋಣ. ಜಠರವನ್ನು ಕಿರಿದುಗೊಳಿಸಿ ಕರುಳಿಗೆ ಬಳಸುದಾರಿ ಮಾಡುವ ಶಸ್ತ್ರಕ್ರಿಯೆಯನ್ನು ಅಮೇರಿಕೆಯ ಅಯೋವಾ ವಿಶ್ವವಿದ್ಯಾಲಯದ ಡಾ. ಎಡ್ವರ್ಡ್ ಮೇಸನ್ ಅವರು 1966ರಲ್ಲಿ ಬಳಕೆಗೆ ತಂದರು. ಇಂದು ಹೆಚ್ಚಾಗಿ ನಡೆಯುವುದು, ಸಣ್ಣ ರಂಧ್ರಗಳ ಮೂಲಕ ಜಠರದ ಮುಕ್ಕಾಲು ಪಾಲಿನಷ್ಟನ್ನು ತೆಗೆದು ಅದನ್ನು ಬಾಳೆಕಾಯಿಯ ಆಕಾರದ ಕೊಳವೆಯಾಗಿ ಉಳಿಸುವ ಕ್ರಮ. ಚರ್ಮದ ಕೆಳಗಿನ ಕೊಬ್ಬನ್ನು ಹೀರಿ ತೆಗೆಯುವ ಅಂದದ ಚಿಕಿತ್ಸೆಯೇ ಬೇರೆ, ಇದೇ ಬೇರೆ. ಮಧುಮೇಹ, ರಕ್ತದೊತ್ತಡ, ನಿದ್ರೆಯಲ್ಲಿ ಉಸಿರು ಕಟ್ಟುವಿಕೆ ಮೊದಲಾದ ಬಾಧೆಗಳನ್ನು ತಗ್ಗಿಸುವುದೇ ಇದರ ಗುರಿ. ರಾಜಕಾರಣಿ ನಿತಿನ್ ಗಡ್ಕರಿಯವರು 2011ರಲ್ಲಿ, ಅರುಣ ಜೇಟ್ಲಿಯವರು 2014ರಲ್ಲಿ ಇಂಥ ಶಸ್ತ್ರಕ್ರಿಯೆ ಮಾಡಿಸಿಕೊಂಡು ಮತ್ತೆ ಸಾರ್ವಜನಿಕ ಕಾರ್ಯಕ್ಕೆ ಮರಳಿದರು. ದೊಡ್ಡವರಿಗೆ ನಾಚಿಕೆಯಲ್ಲದ್ದು ನಮ್ಮ ಮನೆಯ ಮಗನಿಗೋ ಸೊಸೆಗೋ ಏಕೆ ನಾಚಿಕೆಯಾಗಬೇಕು? ವೈದ್ಯ ಸಂಗಣ್ಣನನ್ನು ಶರಣನೆಂದು ಗೌರವಿಸಿದ ಸಮಾಜ ನಮ್ಮದು. 1963ರಲ್ಲಿಯೇ ಬೆಳಗಾವಿಯಲ್ಲಿ ವೈದ್ಯಕೀಯ ಮಹಾವಿದ್ಯಾಲಯವನ್ನು ಕಂಡದ್ದು ನಮ್ಮ ಕೆ.ಎಲ್.ಇ. ಸಂಸ್ಥೆ. ವೈದ್ಯವಿದ್ಯೆ ನಮಗೆ ಪರಕೀಯವಲ್ಲ.

ಶಸ್ತ್ರಕ್ರಿಯೆ ಒಂದು ದಿನದ್ದು, ಚೇತರಿಕೆ ತಿಂಗಳುಗಳದ್ದು. ಸಾಮಾನ್ಯವಾಗಿ ಮೊದಲ ಎರಡು ವಾರ ದ್ರವಾಹಾರ, ಮುಂದಿನ ಎರಡು ವಾರ ನುಣ್ಣಗೆ ಅರೆದ ಆಹಾರ, ಬಳಿಕ ಮೆತ್ತಗಿನ ಅನ್ನ-ಬೇಳೆ. ಆರರಿಂದ ಎಂಟು ವಾರಗಳ ಹೊತ್ತಿಗೆ ಎಂದಿನ ಊಟ, ಆದರೆ ಕೆಲವೇ ತುತ್ತು. ಕ್ರಮವು ಆಸ್ಪತ್ರೆಯಿಂದ ಆಸ್ಪತ್ರೆಗೆ ತುಸು ಬದಲಾಗುವುದುಂಟು. ತಮ್ಮ ವೈದ್ಯರು ಹೇಳಿದ್ದೇ ಪ್ರಮಾಣ. ಕಟಿ ರೊಟ್ಟಿಗೆ ಅವಸರ ಬೇಡ. ಬೆಳಗಾವಿಯ ಕುಂದಾ, ಗೋಕಾಕದ ಕರದಂಟು, ಹಬ್ಬದ ಶೇಂಗಾ ಹೋಳಿಗೆ ಇವು ಪ್ರೀತಿಯ ದ್ಯೋತಕಗಳೇ ಹೌದು. ಆದರೆ ಸಿಹಿ ಹೆಚ್ಚಾದರೆ, ವಿಶೇಷವಾಗಿ ಕರುಳಿನ ಬಳಸುದಾರಿಯಾದವರಿಗೆ, ಬೆವರು, ಎದೆಬಡಿತ, ತಲೆಸುತ್ತು ಬರುತ್ತವೆ. ಅತಿಥಿಗೆ ಒತ್ತಾಯ ಮಾಡಿ ಬಡಿಸುವ ನಮ್ಮ ಉಪಚಾರ ಇಲ್ಲಿ ಅಪಚಾರವಾಗುತ್ತದೆ.

ಇಲ್ಲಿಯೇ ಭಕ್ತರ ಮನಸ್ಸಿನಲ್ಲಿ ಒಂದು ಸಂದೇಹ ಏಳುತ್ತದೆ. ಪ್ರಸಾದವನ್ನು ಎಡೆಯಲ್ಲಿ ಉಳಿಸಬಾರದು, ತಟ್ಟೆಯನ್ನು ತೊಳೆದ ನೀರನ್ನೂ ಸೇವಿಸಬೇಕೆಂಬುದು ನಾವು ಬಾಲ್ಯದಿಂದ ಪಾಲಿಸಿ ಬಂದ ನಿಯಮ. ನಾಲ್ಕು ತುತ್ತಿಗೆ ಹೊಟ್ಟೆ ತುಂಬುವವನು ಏನು ಮಾಡಬೇಕು? ಉಳಿಸಿದರೆ ಪ್ರಸಾದದ ಅನಾದರ. ಉಂಡರೆ ವಾಂತಿ, ಹೊಲಿಗೆಗೆ ಅಪಾಯ. ಊಟದೊಡನೆ ನೀರು ಬೇಡ, ಅರ್ಧ ಗಂಟೆಯಾದರೂ ತಡೆಯಿರಿ ಎಂದು ವೈದ್ಯರು ಹೇಳುತ್ತಾರೆ. ಹಾಗಾದರೆ ತಟ್ಟೆ ತೊಳೆದ ನೀರು?

ನನ್ನ ಅರಿವಿಗೆ ಬಂದಂತೆ ಉತ್ತರ ಹೀಗಿದೆ. ಪ್ರಸಾದದ ನಿಯಮ ಹೊಟ್ಟೆಯ ಮೇಲೆ ಹೇರಿದ್ದಲ್ಲ, ನೀಡಿಸಿಕೊಳ್ಳುವ ಕೈಯ ಮೇಲೆ ಇಟ್ಟದ್ದು. ಬೇಕಾದಷ್ಟನ್ನೇ ಕೇಳಿ ಪಡೆದವನ ಎಡೆಯಲ್ಲಿ ಉಳಿಯುವುದೇನು? ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಆಯ್ದಕ್ಕಿ ಮಾರಯ್ಯ-ಲಕ್ಕಮ್ಮ ದಂಪತಿಗಳ ಚರಿತ್ರೆ ನಮಗೆಲ್ಲ ಗೊತ್ತಿದೆ. ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಲಕ್ಕಮ್ಮ ಅಂದಿಗೆ ಸಾಕಾಗುವಷ್ಟನ್ನು ಮಾತ್ರ ಒಪ್ಪಿ ಮಿಕ್ಕದ್ದನ್ನು ಮರಳಿ ಸುರಿದು ಬರಲು ಹೇಳಿದಳು. ಸಾಕೆಂಬ ಮಾತನ್ನು ಆಕೆ ಕೊರತೆಯಿಂದ ಆಡಲಿಲ್ಲ, ವ್ರತನಿಷ್ಠೆಯಿಂದ ಆಡಿದಳು. ಆದುದರಿಂದ ಮಠದ ದಾಸೋಹದಲ್ಲಾಗಲಿ ಮದುವೆಯ ಪಂಕ್ತಿಯಲ್ಲಾಗಲಿ ಸಣ್ಣ ಬಟ್ಟಲನ್ನು ಹಿಡಿದು ಎರಡು ಚಮಚೆ ಸಾಕು ಎನ್ನುವ ಶರಣನು ನಿಯಮವನ್ನು ಮೀರುತ್ತಿಲ್ಲ, ಪಾಲಿಸುತ್ತಿದ್ದಾನೆ. ಸಣ್ಣ ಬಟ್ಟಲನ್ನು ತೊಳೆಯಲು ಒಂದು ಚಮಚೆ ನೀರು ಸಾಕು. ಅದನ್ನೂ ಅರ್ಧ ಗಂಟೆಯ ಬಳಿಕ ಸೇವಿಸಿದರೆ ಭಕ್ತಿಗೆ ಕುಂದಿಲ್ಲ. ಶಿವರಾತ್ರಿಯ ನಿರಾಹಾರ, ಶ್ರಾವಣ ಸೋಮವಾರದ ಒಪ್ಪತ್ತು ಇವನ್ನು ವೈದ್ಯರು ಒಪ್ಪುವವರೆಗೆ ಬಿಡಲಿ. ಕೆಳಗೆ ಕುಳಿತು ಬಾಗುವುದು ಕಷ್ಟವಾದರೆ ಕುರ್ಚಿಯ ಮೇಲೆ ಕುಳಿತು ಲಿಂಗಪೂಜೆ ಮಾಡಲಿ.

ಇನ್ನು ಕಾಯಕದ ಮಾತು. ಕಾಯಕವನ್ನು ಬಿಟ್ಟು ಕುಳಿತೆನೆಂಬ ಕೊರಗು ನಮ್ಮವರಿಗೆ ಹೆಚ್ಚು. ಆ ಕೊರಗು ಒಳ್ಳೆಯದೇ. ಆದರೆ ಕಾಯಕಕ್ಕೆ ಕಾಯವೇ ಆಧಾರ. ಕುಳಿತು ಬರೆಯುವ ಕೆಲಸದವರು ಸಾಮಾನ್ಯವಾಗಿ ಎರಡು-ಮೂರು ವಾರಗಳಲ್ಲಿ ಮರಳಬಲ್ಲರು. ಖಾನಾಪುರದಿಂದ ಬೆಳಗಾವಿಗೆ ಸುಮಾರು 25 ಕಿ.ಮೀ. ನಿತ್ಯ ಬಂದುಹೋಗುವವರು ಪ್ರಯಾಣದ ಆಯಾಸವನ್ನೂ ಲೆಕ್ಕಕ್ಕೆ ಹಿಡಿಯಬೇಕು. ನೋವಿನ ಪ್ರಬಲ ಮಾತ್ರೆ ನಡೆದಿರುವಾಗ ವಾಹನವನ್ನು ನಡೆಸಬಾರದು. ಹಂಚು-ಇಟ್ಟಿಗೆ ಹೊರುವವರು, ಭತ್ತದ ಚೀಲ ಎತ್ತುವವರು, ಗದ್ದೆಯ ರೈತರು ಕನಿಷ್ಠ ಆರು ವಾರ ಭಾರ ಎತ್ತದಿರುವುದು ಲೇಸು. ಎಷ್ಟು ಭಾರ, ಎಷ್ಟು ದಿನ ಎಂಬುದನ್ನು ವೈದ್ಯರಿಂದ ಬರೆಸಿಕೊಂಡು ಮಾಲೀಕರಿಗೆ ಕೊಡಲಿ. ಮರಳಿದ ಮೇಲೆ ಬುತ್ತಿಯನ್ನು ಸಣ್ಣ ಪಾಲುಗಳಾಗಿ ಒಯ್ಯಲಿ. ನೀರನ್ನು ಗುಟುಕು ಗುಟುಕಾಗಿ ದಿನವಿಡೀ ಕುಡಿಯಲಿ. ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಲಿ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರಲು ಅದು ಅಗತ್ಯ. ಮಧುಮೇಹದ ಔಷಧವನ್ನು ಹಿಂದಿನ ಪ್ರಮಾಣದಲ್ಲಿಯೇ ಮುಂದುವರಿಸಿದರೆ ಸಕ್ಕರೆ ತೀರ ಇಳಿದು ಕೆಲಸದ ನಡುವೆ ಕುಸಿಯುವ ಭಯವುಂಟು. ಪ್ರಮಾಣವನ್ನು ವೈದ್ಯರೇ ತಿದ್ದಬೇಕು.

ನೌಕರನಿಗೆ ರಜೆಯ ಚೀಟಿ ಉಂಟು; ಗೃಹಿಣಿಗೆ ರಜೆ ಬರೆದುಕೊಡುವವರು ಯಾರು? ಜಗತ್ತಿನಾದ್ಯಂತ ಈ ಶಸ್ತ್ರಕ್ರಿಯೆಗೆ ಒಳಗಾಗುವವರಲ್ಲಿ ಸ್ತ್ರೀಯರೇ ಅಧಿಕ. ಮನೆಗೆ ಬಂದ ಮೂರನೆಯ ದಿನವೇ ಕೊಡ ಎತ್ತಿ, ಒಲೆಯ ಮುಂದೆ ನಿಂತು ಹತ್ತಾರು ರೊಟ್ಟಿ ಬಡಿಯುವ ತಾಯಿಯದು ಕಾಯಕವಲ್ಲವೇ? ಹಂಚು ಹೊರುವವನಿಗೆ ಹೇಳಿದ ಆರು ವಾರ ಆಕೆಗೂ ಸಲ್ಲಬೇಕು. ಆ ದಿನಗಳಲ್ಲಿ ಗಂಡನೂ ಮಕ್ಕಳೂ ಹಿಟ್ಟು ನಾದಲಿ, ನೀರು ತುಂಬಲಿ. ಮಕ್ಕಳನ್ನು ಪಡೆಯಬಯಸುವ ತರುಣಿಯರು ಒಂದು ವರ್ಷದಿಂದ ಒಂದೂವರೆ ವರ್ಷ ತಡೆಯಬೇಕೆಂದು ವೈದ್ಯರ ಸಲಹೆಯಿದೆ; ಅತ್ತೆ-ಮಾವಂದಿರು ಇದನ್ನು ತಿಳಿದು ಆತುರಪಡಿಸದಿರಲಿ.

ನಾವು ಸಸ್ಯಾಹಾರಿಗಳಾದುದರಿಂದ ಒಂದೆರಡು ಎಚ್ಚರಿಕೆ ಅವಶ್ಯ. ದಿನಕ್ಕೆ 60 ಗ್ರಾಂ ಅಥವಾ ಅದಕ್ಕೂ ಮಿಗಿಲಾದ ಪ್ರೋಟೀನು ಬೇಕು. ಹಾಲು, ಮೊಸರು, ಪನೀರು, ಬೇಳೆ, ಮೊಳಕೆ ಕಾಳು ಮೊದಲ ತುತ್ತಾಗಲಿ, ಅನ್ನ ಕೊನೆಯದಾಗಲಿ. ಬಿ-12 ಜೀವಸತ್ವ ಸಸ್ಯಗಳಲ್ಲಿ ದೊರೆಯದು. ಅದನ್ನೂ ಕಬ್ಬಿಣ, ಸುಣ್ಣ, ಡಿ ಜೀವಸತ್ವಗಳನ್ನೂ ವೈದ್ಯರು ಹೇಳಿದಂತೆ ಜೀವನಪರ್ಯಂತ ಸೇವಿಸಬೇಕು. ಮೂರನೆಯ ತಿಂಗಳಿನ ಸುಮಾರಿಗೆ ಕೂದಲು ಉದುರುವುದುಂಟು. ಪೋಷಣೆ ಸರಿಯಾಗಿದ್ದರೆ ಮತ್ತೆ ಬರುತ್ತದೆ. ಆದರೆ ಜ್ವರ, ನಿಲ್ಲದ ಎದೆಬಡಿತ, ತೀವ್ರ ಹೊಟ್ಟೆನೋವು, ಉಸಿರಾಟದ ಕಷ್ಟ, ಒಂದು ಕಾಲಿನ ಬಾವು, ಬಿಡದ ವಾಂತಿ ಇವುಗಳಲ್ಲಿ ಒಂದು ಕಂಡರೂ ಬೆಳಗಾಗುವವರೆಗೆ ಕಾಯಬಾರದು. ಖಾನಾಪುರದ ಕಾಡಂಚಿನ ಹಳ್ಳಿಗಳವರು ಮಳೆಗಾಲದ ರಾತ್ರಿಗೆ ವಾಹನದ ಏರ್ಪಾಡನ್ನು ಮೊದಲೇ ಮಾಡಿಟ್ಟುಕೊಳ್ಳುವುದು ಉಚಿತ.

ಶಸ್ತ್ರವೈದ್ಯನು ಜಠರವನ್ನು ಕಿರಿದುಮಾಡಬಲ್ಲ. ಬಡಿಸುವ ಸೌಟನ್ನು ಕಿರಿದುಮಾಡಬೇಕಾದವರು ಮನೆಯವರು, ನಗುವ ಬಾಯಿಯನ್ನು ಕಿರಿದುಮಾಡಬೇಕಾದವರು ನೆರೆಹೊರೆಯವರು. ಮುಂದಿನ ಸಲ ನಿಮ್ಮ ಪಂಕ್ತಿಯಲ್ಲಿ ಯಾರಾದರೂ ಸಾಕು ಎಂದು ಕೈಯಡ್ಡ ಹಿಡಿದರೆ, ಕಾರಣವನ್ನು ಕೇಳದೆ ಮುಂದಿನ ಎಡೆಗೆ ಸಾಗಿರಿ. ಅದೂ ಒಂದು ದಾಸೋಹವೇ.