ನಮ್ಮನ್ನು ಬಲ್ಲ ಮೂರು ಜನ

ಕಳೆದ ತಿಂಗಳು ನಾವು ನಾಲ್ಕು ಜನ ಹಾಸ್ಟೆಲ್ ರೂಮಲ್ಲಿ ಕೂತು ಒಂದೂವರೆ ಗಂಟೆ ನಮ್ಮನ್ನು ನಾವೇ ಹೊಗಳಿಕೊಂಡ್ವಿ. ಬೇಸಿಗೆ ರಜೆಯ ರಿಸರ್ಚ್ ಇಂಟರ್ನ್‌ಶಿಪ್ ಅರ್ಜಿಗೆ ಒಬ್ಬ ಅಧ್ಯಾಪಕರ ಶಿಫಾರಸು ಪತ್ರ ಬೇಕಿತ್ತು. ಸರ್ ಹತ್ರ ಹೋದ್ರೆ "ಡ್ರಾಫ್ಟ್ ಮಾಡ್ಕೊಂಡ್ ಬನ್ನಿ, ಸೈನ್ ಹಾಕ್ಕೊಡ್ತೀನಿ" ಅಂದ್ರು. ಸುಳ್ಳು ಯಾಕೆ, ಖುಷಿನೇ ಆಯ್ತು. ಬರೆದು ಮುಗಿಸಿ ನಾಲ್ಕನ್ನೂ ಅಕ್ಕಪಕ್ಕ ಇಟ್ಟು ನೋಡಿದ್ರೆ ಹೆಸರು, ಯುಎಸ್‌ಎನ್ ಬಿಟ್ಟು ಎಲ್ಲಾ ಒಂದೇ. ನಾಲ್ವರೂ ಹಾರ್ಡ್‌ವರ್ಕಿಂಗ್, ನಾಲ್ವರೂ ಸಿನ್ಸಿಯರ್, ನಾಲ್ವರೂ ಪಂಕ್ಚುಯಲ್. ಅದೇ ವಾರ ಅಟೆಂಡೆನ್ಸ್ ಶಾರ್ಟೇಜ್ ಲಿಸ್ಟಲ್ಲಿ ನಮ್ಮಲ್ಲೊಬ್ಬನ ಹೆಸರು ನೋಟಿಸ್ ಬೋರ್ಡ್ ಮೇಲಿತ್ತು.

ನಕ್ಕು ಸುಸ್ತಾದ ಮೇಲೆ ಒಬ್ಬ ಕೇಳಿದ, "ಲೋ, ಸರ್‌ಗೆ ನಮ್ಮ ಬಗ್ಗೆ ನಿಜವಾಗ್ಲೂ ಗೊತ್ತಿರೋದು ಏನಾದ್ರೂ ಇದ್ರೆ ಒಂದೇ ಒಂದು ಹೇಳ್ರೋ." ಯಾರಿಗೂ ಹೊಳೀಲಿಲ್ಲ.

ಮನೆಯಲ್ಲಿ ಈ ವಿಷಯ ಹೇಳಿದ್ರೆ ಇನ್ನೊಂದು ಕಷ್ಟ. "ಅಷ್ಟು ಮಾರ್ಕ್ಸ್ ತಗೊಂಡು ನಿಂಗ್ಯಾಕಪ್ಪಾ ಶಿಫಾರಸು?" ಅಂದ್ರು ನಮ್ಮಲ್ಲೊಬ್ಬನ ಅಜ್ಜಿ. ಅವರ ಲೆಕ್ಕದಲ್ಲಿ ಶಿಫಾರಸು ಅಂದ್ರೆ ಎಂಎಲ್‌ಎ ಲೆಟರ್‌ಹೆಡ್. ಕನ್ನಡದಲ್ಲಿ ಆ ಪದಕ್ಕೆ ಅಂಟಿಕೊಂಡಿರೋ ವಾಸನೆ ಅದು. ಆದ್ರೆ ಯುನಿವರ್ಸಿಟಿ ಕೇಳ್ತಿರೋದು ಸಾಕ್ಷಿ. ಅಮೆರಿಕದ ಎಂಎಸ್, ಪಿಎಚ್‌ಡಿ ಅರ್ಜಿಗಳಲ್ಲಿ ಸಾಮಾನ್ಯವಾಗಿ ಮೂರು ಜನರ ಇಮೇಲ್ ಕೊಡಬೇಕು. ಲಿಂಕ್ ನೇರ ಅವರಿಗೇ ಹೋಗುತ್ತೆ. ಈ ವಿದ್ಯಾರ್ಥಿ ನಿಮಗೆ ಎಷ್ಟು ದಿನದಿಂದ ಗೊತ್ತು, ಹೇಗೆ ಗೊತ್ತು, ನೀವು ಪಾಠ ಮಾಡಿದವರಲ್ಲಿ ಮೇಲಿನ ಶೇ. 5ರಲ್ಲಿ ಬರ್ತಾರಾ, ಶೇ. 10ರಲ್ಲಾ ಅಂತ ಕೇಳ್ತಾರೆ. 1974ರ ಒಂದು ಅಮೆರಿಕನ್ ಕಾನೂನಿನ ಪ್ರಕಾರ, ಅಲ್ಲಿ ಸೇರಿದ ಮೇಲೆ ಆ ಪತ್ರ ನೋಡೋ ಹಕ್ಕು ವಿದ್ಯಾರ್ಥಿಗೆ ಇರುತ್ತೆ. ಆ ಹಕ್ಕು ಬಿಟ್ಟುಕೊಡ್ತೀರಾ ಅಂತ ಅರ್ಜಿಯಲ್ಲೇ ಕೇಳ್ತಾರೆ, ಬಹಳಷ್ಟು ಜನ ಬಿಟ್ಟುಕೊಡ್ತಾರೆ. ನೀವು ಓದಲ್ಲ ಅಂದ್ರೆ ಬರೆಯೋರು ನಿಜ ಬರೀತಾರೆ ಅನ್ನೋ ನಂಬಿಕೆ. ನಾವು ಓದೋದಿರಲಿ, ಬರೆದವರೇ ನಾವು!

ಇದು ಎಂಎಸ್‌ಗೆ ಮುಗಿಯೋ ಕಥೆಯೂ ಅಲ್ಲ. ಪೋಸ್ಟ್‌ಡಾಕ್‌ಗೆ ಬೇಕು, ನಾಳೆ ನಮ್ಮಲ್ಲಿ ಯಾರಾದ್ರೂ ಪ್ರೊಫೆಸರ್ ಹುದ್ದೆಗೆ ಅರ್ಜಿ ಹಾಕಿದ್ರೂ ಬೇಕು.

ಫೈನಲ್ ಇಯರ್‌ನ ಒಬ್ಬ ಅಕ್ಕ ಈ ಸಲ ಪಿಎಚ್‌ಡಿಗೆ ಹಾಕಿದ್ರು. ಗಡುವು ಡಿಸೆಂಬರ್ 15. ಮೂವರಲ್ಲಿ ಒಬ್ಬ ಗೆಸ್ಟ್ ಲೆಕ್ಚರರ್ ಆಗಲೇ ಬೇರೆ ಕಾಲೇಜು ಸೇರಿ ಹಳೇ ಇಮೇಲ್ ಬಂದ್ ಆಗಿತ್ತು. ಇನ್ನೊಬ್ಬರ ಲಿಂಕ್ ಸ್ಪ್ಯಾಮ್‌ಗೆ ಹೋಗಿ ಕೂತಿತ್ತು, ಅವರೋ ವ್ಯಾಲ್ಯುಯೇಶನ್‌ನಲ್ಲಿ ಮುಳುಗಿದ್ರು. ದಿನಾ ಫೋನ್ ಮಾಡೋಕೂ ಆಗದೆ, ಬಿಡೋಕೂ ಆಗದೆ ಅಕ್ಕ ಸ್ಟಾಫ್ ರೂಮ್ ಬಾಗಿಲಲ್ಲಿ ನಿಂತಿರ್ತಿದ್ದಿದ್ದು ನಾವೇ ನೋಡಿದೀವಿ. ಕೊನೆಗೆ ಮೂರನೇ ಪತ್ರ ಬಂದಿದ್ದು ಇಂಟರ್ನ್‌ಶಿಪ್ ಕಂಪನಿಯ ಮ್ಯಾನೇಜರ್‌ರಿಂದ.

ಅಧ್ಯಾಪಕರನ್ನು ಬೈಯೋದು ಸುಲಭ. ಎಐಸಿಟಿಇ ನಿಯಮದಲ್ಲಿ 20 ವಿದ್ಯಾರ್ಥಿಗೆ ಒಬ್ಬರು ಅಂತಿದೆ, ಆದ್ರೆ ಕ್ಲಾಸಲ್ಲಿ ಅವರ ಮುಂದೆ ಕೂರೋರು 60ಕ್ಕೂ ಹೆಚ್ಚು ಜನ. ಅದರ ಮೇಲೆ ಫೈಲ್, ಮೀಟಿಂಗ್, ಮತ್ತೆ ಫೈಲ್. ಹಾಗಂತ ಡ್ರಾಫ್ಟ್‌ಗೆ ಸೈನ್ ಹಾಕೋ ಪದ್ಧತಿ ಸರಿ ಅಂತ ನಾವು ಹೇಳ್ತಿಲ್ಲ, ಅದು ತಪ್ಪೇ. ಆದ್ರೆ ನಮ್ಮ ಪಾಲೂ ಇದೆ, ಅದನ್ನು ಯಾರೂ ಹೇಳಲ್ಲ.

ಕ್ಲಾಸ್ ಮುಗಿದ ಮೇಲೆ ಯಾರಾದ್ರೂ ಮೇಡಂ ಹಿಂದೆ ಡೌಟ್ ಕೇಳ್ಕೊಂಡು ಹೋದ್ರೆ ಹಿಂದಿನ ಬೆಂಚಿಂದ ಏನು ಕೂಗ್ತೀವಿ? ಬಕೆಟ್! ನಾವು ನಾಲ್ವರೂ ಕೂಗಿದೀವಿ. ಕೂಗಿಸಿಕೊಳ್ಳೋ ಭಯಕ್ಕೆ ಎರಡು ವರ್ಷ ಬಾಯಿ ಮುಚ್ಕೊಂಡು ಕೂತಿದೀವಿ. ಹೀಗೆ ಮುಖ ತಪ್ಪಿಸ್ಕೊಂಡು ಓಡಾಡಿ, ಆಮೇಲೆ "ಸರ್, ನಾನು ನಿಮಗೆ ಚೆನ್ನಾಗಿ ಗೊತ್ತು ಅಂತ ಬರೆದುಕೊಡಿ" ಅಂದ್ರೆ ಅವರು ಏನು ಬರೀಬೇಕು?

ಈಗ ನಮ್ಮನ್ನು ನಿಜವಾಗಿ ಬಲ್ಲವರ ವಿಷಯ. ಅವರು ಲ್ಯಾಬ್ ಇನ್‌ಸ್ಟ್ರಕ್ಟರ್. 741 ಐಸಿಯ 4ನೇ ಪಿನ್ನು 7ನೇ ಪಿನ್ನು ಅದಲು ಬದಲು ಮಾಡಿ ಸಪ್ಲೈ ಕೊಟ್ಟು ಸುಟ್ಟವನು ಯಾರು, ಪಕ್ಕದ ಬ್ಯಾಚಿನ ಬ್ರೆಡ್‌ಬೋರ್ಡ್ ತಾನಾಗೇ ಹೋಗಿ ಸರಿಮಾಡಿ ಕೊಟ್ಟವನು ಯಾರು, ರೀಡಿಂಗ್ ಕಾಪಿ ಹೊಡೆದವನು ಯಾರು, ಎಲ್ಲಾ ಅವರಿಗೆ ಗೊತ್ತು. ಮೂರು ಗಂಟೆ ನಮ್ಮ ಜೊತೆ ನಿಂತಿರೋರು ಅವರು. ಆದ್ರೆ ಅರ್ಜಿಯ 'ಡೆಸಿಗ್ನೇಶನ್' ಕಾಲಮ್ಮಲ್ಲಿ ಅವರಿಗೆ ಜಾಗ ಇಲ್ಲ.

1912ರಲ್ಲಿ ರಾಮಾನುಜನ್ ಮದ್ರಾಸ್ ಪೋರ್ಟ್ ಟ್ರಸ್ಟಿನ ಗುಮಾಸ್ತೆ ಕೆಲಸಕ್ಕೆ ಅರ್ಜಿ ಹಾಕಿದಾಗ ಅವರ ಹತ್ರ ಪಾಸಾದ ಎಫ್‌ಎ ಕೂಡ ಇರಲಿಲ್ಲ. ತಿಂಗಳಿಗೆ 30 ರೂಪಾಯಿಯ ಆ ಕೆಲಸದ ಅರ್ಜಿ ಜೊತೆ ಇದ್ದದ್ದು ಪ್ರೆಸಿಡೆನ್ಸಿ ಕಾಲೇಜಿನ ಗಣಿತ ಪ್ರೊಫೆಸರ್ ಮಿಡಲ್‌ಮಾಸ್ಟ್ ಅವರ ಪತ್ರ. ರಾಮಾನುಜನ್ ಆ ಕಾಲೇಜಿನ ವಿದ್ಯಾರ್ಥಿಯಲ್ಲ. ನಾವೇನೂ ರಾಮಾನುಜನ್ ಅಲ್ಲ, ಗೊತ್ತು. ಆದ್ರೆ ಮಾರ್ಕ್ಸ್ ಕಾರ್ಡ್ ಹೇಳದೆ ಇರೋದನ್ನ ಹೇಳೋಕೆ ಅಂತಲೇ ಪತ್ರ ಇರೋದು. ಮಾರ್ಕ್ಸ್ ಕಾರ್ಡನ್ನೇ ಇಂಗ್ಲಿಷ್ ವಾಕ್ಯದಲ್ಲಿ ಬರೆದ್ರೆ ಪತ್ರ ಆಗಲ್ಲ.

ಆ ರಾತ್ರಿ ಡ್ರಾಫ್ಟ್‌ಗಳನ್ನು ಡಿಲೀಟ್ ಮಾಡಿದ್ವಿ. ಬದಲಿಗೆ ಒಬ್ಬೊಬ್ಬರು ಒಂದು ಪುಟ ಬರೆದ್ವಿ: ಏನು ಮಾಡಿದೀವಿ, ಏನು ಸುಟ್ಟಿದೀವಿ, ಯಾವುದು ಅರ್ಧಕ್ಕೆ ನಿಂತಿದೆ. ಹೊಗಳಿಕೆ ಇಲ್ಲ. ಬೇಕಿದ್ರೆ ಲ್ಯಾಬ್ ಇನ್‌ಸ್ಟ್ರಕ್ಟರ್‌ನ ಕೇಳಿ ಸರ್, ಅಂತ ಕೆಳಗೆ ಸೇರಿಸಿದ್ವಿ. ಸರ್ ಎರಡು ದಿನ ಇಟ್ಕೊಂಡ್ರು. ಅವರನ್ನ ನಿಜವಾಗ್ಲೂ ಕೇಳಿದ್ರಂತೆ. ಇಬ್ಬರಿಗೆ ತಾವೇ ಬರೆದು ಕಳಿಸಿದ್ರು. ಇನ್ನಿಬ್ಬರಿಗೆ, "ನಿಮ್ಮ ಬಗ್ಗೆ ಬರೆಯೋಕೆ ನನ್ನ ಹತ್ರ ಏನೂ ಇಲ್ವಲ್ರಪ್ಪಾ. ಮುಂದಿನ ಸೆಮ್ ಮಿನಿ ಪ್ರಾಜೆಕ್ಟ್ ನನ್ನ ಹತ್ರ ಮಾಡಿ, ಆಮೇಲೆ ಬನ್ನಿ" ಅಂದ್ರು.

ಆ ಇಬ್ಬರು ಈ ವರ್ಷ ಅರ್ಜಿ ಹಾಕಲಿಲ್ಲ. ಬೇಜಾರಾಗಿದೆ, ಈ ಲೇಖನದ ಅರ್ಧ ಅವರೇ ಬರೆದಿದ್ದು. ಸೋಮವಾರ ಕ್ಲಾಸ್ ಮುಗಿದ ಮೇಲೆ ಪ್ರಾಜೆಕ್ಟ್ ಬಗ್ಗೆ ಕೇಳೋಕೆ ಸರ್ ಹಿಂದೆ ಹೋಗ್ತೀವಿ. ಬಕೆಟ್ ಅಂತ ಕೂಗೋರು ಕೂಗ್ಕೊಳ್ಳಿ.